ಎರಡೂ ಕಾಲಿಗೆ ನೀರು

ನಾನು ಕೊನೆಯ ಸಲ ನನ್ನ ಕಾಲ ಮೇಲೆ ನಿಂತದ್ದು ಕಾರವಾರದ ಬಸ್ ನಿಲ್ದಾಣದಲ್ಲಿ, ಅಂಕೋಲೆಯ ಕಡೆ ಹೋಗುವ ಬಸ್ಸುಗಳು ಬಂದು ನಿಲ್ಲುವ ಜಾಗದ ಎದುರು, ಬಲಗೈಯಲ್ಲಿ ಒಂದು ಸಿಮೆಂಟಿನ ಕಂಬ ಹಿಡಿದುಕೊಂಡು. 2005ನೆಯ ಇಸವಿ, ದೀಪಾವಳಿಗೆ ಒಂದು ವಾರವಿದ್ದ ಸೋಮವಾರ, ಸಂಜೆ ಕಚೇರಿ ಬಿಟ್ಟ ಹೊತ್ತು.

ಬೆಳಗಿನಿಂದ ಬೆನ್ನಿನಲ್ಲಿ ಪಟ್ಟಿ ಬಿಗಿದ ಹಾಗೆ ಆಗುತ್ತಿತ್ತು. ವಾಯು ಎಂದುಕೊಂಡೆ. ಮಧ್ಯಾಹ್ನ ಎಡಗಾಲಿನ ಚಪ್ಪಲಿ ಎರಡು ಸಲ ಕಳಚಿ ಹೋಯಿತು, ಹೋದದ್ದು ನನಗೆ ತಿಳಿಯಲಿಲ್ಲ. ಹಾರವಾಡಕ್ಕೆ ಹೋಗುವ ಬಸ್ಸು ಬಂತು. ಹತ್ತಲು ಕಾಲೆತ್ತಿದೆ.

ಎತ್ತಿದ್ದೇನೆ ಎಂದುಕೊಂಡೆ. ಕಾಲು ಅಲ್ಲೇ ಇತ್ತು.

ಗೋವಾದ ದೊಡ್ಡ ಆಸ್ಪತ್ರೆಯಲ್ಲಿ ಎಂಆರ್‌ಐ ಮಾಡಿದರು. ಟ್ರಾನ್ಸ್‌ವರ್ಸ್ ಮೈಲೈಟಿಸ್ ಎಂದರು. ಬೆನ್ನುಹುರಿಗೆ ಊತ ಬಂದು, ಅಲ್ಲಿಂದ ಕೆಳಗೆ ಸುದ್ದಿ ಹೋಗುವುದೂ ಬರುವುದೂ ನಿಂತಿದೆ ಎಂದು ನ್ಯೂರಾಲಜಿಸ್ಟ್ ಬಿಡಿಸಿ ಹೇಳಿದರು. ಸ್ಟಿರಾಯ್ಡ್ ಕೊಟ್ಟರು. ಕೆಲವರು ಪೂರ್ತಿ ಏಳುತ್ತಾರೆ, ಕೆಲವರು ಅರ್ಧ, ಕೆಲವರು ಇಲ್ಲ. ಯಾರು ಯಾವ ಗುಂಪು ಎಂದು ಮೊದಲೇ ಹೇಳಲು ಬರುವುದಿಲ್ಲವಂತೆ. ನಾನು ಯಾವ ಗುಂಪು ಎಂದು ಆರು ತಿಂಗಳಲ್ಲಿ ಯಾರೂ ಹೇಳದೆಯೇ ತಿಳಿಯಿತು.

ಸೊಂಟದಿಂದ ಕೆಳಗೆ ಇರುವುದು ನನ್ನದು ಎಂದು ಕಣ್ಣು ಹೇಳುತ್ತಿತ್ತು. ಬೇರೆ ಏನೂ ಹೇಳುತ್ತಿರಲಿಲ್ಲ. ನನ್ನ ಹೆಂಡತಿ ಪಾರ್ವತಿ ದಿನವೂ ಬೆಳಿಗ್ಗೆ ಬಿಸಿನೀರಿನಲ್ಲಿ ನನ್ನ ಕಾಲು ತೊಳೆಯುತ್ತಿದ್ದಳು. ಬೇರೆ ಯಾರದೋ ಕಾಲು ತೊಳೆಯುವುದನ್ನು ನೋಡಿದಂತೆ ನಾನು ನೋಡುತ್ತಿದ್ದೆ. ಬೆನ್ನಿನ ಕೆಳಗೆ ಬೆಡ್‌ಸೋರ್ ಎಂಬ ಹುಣ್ಣಾಗಿ, ಮಾಯಲು ಮಳೆಗಾಲವೆಲ್ಲ ಹಿಡಿಯಿತು.

ನಮ್ಮ ಮನೆಯಿಂದ ಹಾರವಾಡದ ದಡಕ್ಕೆ ಒಂದು ಓಣಿ ದಾಟಿದರೆ ಆಯಿತು. ಅಪ್ಪ, ಅಜ್ಜ ಅಲ್ಲಿಂದಲೇ ಮೀನಿಗೆ ಹೋದವರು, ನಾನು ಓದಿ ಕಾರವಾರದ ಕಚೇರಿ ಸೇರಿದೆ. ಕಾಯಿಲೆ ಬಿದ್ದ ಮೇಲೆ ಆ ಓಣಿ ದಾಟಲಿಲ್ಲ. ಒಮ್ಮೆ ಪ್ರಯತ್ನಪಟ್ಟಾಗ ವೀಲ್‌ಚೇರಿನ ಮುಂದಿನ ಸಣ್ಣ ಚಕ್ರಗಳು ಮರಳಿನಲ್ಲಿ ಹೂತವು. ಎಳೆದಷ್ಟೂ ಹೂತವು. ಬಲೆ ಒಣಗಿಸುತ್ತಿದ್ದವರು ಕೈಲಿದ್ದದ್ದನ್ನು ಬಿಟ್ಟು ಓಡಿ ಬಂದರು. ಅವರ ಮುಖ ನೋಡಿ, ಇನ್ನು ಬರುವುದಿಲ್ಲ ಎಂದುಕೊಂಡೆ. ಮನೆಯೊಳಗಿಂದ ಸಮುದ್ರ ಕೇಳುತ್ತದೆ, ಅಷ್ಟು ಸಾಕು ಎಂದುಕೊಂಡೆ.

ಸಾಕಾಗದೆ ಹೋದದ್ದು ಪಾರ್ವತಿಗೆ. ಅವಳ ತವರು ಗಂಗಾವಳಿ ಹೊಳೆಯ ಆಚೆ ದಡದಲ್ಲಿ. ನನ್ನನ್ನು ರಾತ್ರಿ ಎರಡು ಸಲ ಮಗ್ಗುಲು ಬದಲಿಸಬೇಕು, ಕ್ಯಾಥೆಟರ್ ನೋಡಬೇಕು. ಆದ್ದರಿಂದ ಅವಳು ಒಂದು ರಾತ್ರಿಯೂ ತವರಿನಲ್ಲಿ ಉಳಿದಿರಲಿಲ್ಲ. ಅವಳ ಅಣ್ಣನ ಮಗುವಿಗೆ ಹೆಸರಿಟ್ಟಾಗ ಹೋಗಲಿಲ್ಲ. ಅವಳ ತಾಯಿ ಬಿದ್ದು ಕೈ ಮುರಿದುಕೊಂಡಾಗಲೂ ಹೋಗಲಿಲ್ಲ. ಒಂದು ದಿನ ಫಿಜಿಯೋಥೆರಪಿಯ ಹುಡುಗಿ ಹೇಳಿದಳು: "ಸರ್, ಈ ವರ್ಷ ನೀವು ಹೊರಗೆ ಹೋಗದಿದ್ರೆ ಮುಂದೆ ಹೋಗೂದಿಲ್ಲ. ನೀವು ಹೋಗದಿದ್ರೆ ಅಕ್ಕನೂ ಹೋಗೂದಿಲ್ಲ." ಪಾರ್ವತಿ ಒಳಗೆ ಪಾತ್ರೆ ತೊಳೆಯುತ್ತಿದ್ದಳು. ಪಾತ್ರೆಯ ಸದ್ದು ನಿಂತಿತು.

ಹೋಗೋಣ ಎಂದೆ.

2007ರ ಜನವರಿ. ಬಾಡಿಗೆಯ ಓಮ್ನಿಯಲ್ಲಿ ಹಾರವಾಡದಿಂದ ಅಂಕೋಲೆ, ಅಲ್ಲಿಂದ ಮಂಜಗುಣಿಯ ಹೊಳೆದಡ. ಹೆದ್ದಾರಿಯ ಸೇತುವೆಯ ಮೇಲೆ ಸುತ್ತಿ ಹೋಗಬಹುದಿತ್ತು, ಆದರೆ ಅತ್ತ ಕಡೆಯ ರಸ್ತೆಯ ಹೊಂಡಗಳಿಗೆ ನನ್ನ ಮಾಯ್ದ ಹುಣ್ಣು ತಡೆಯುವಂತಿರಲಿಲ್ಲ. ಜನ, ಸೈಕಲ್ಲು, ಬೈಕು ದಾಟಿಸುವ ಬಾರ್ಜಿನಲ್ಲಿ ಹೊಳೆ ದಾಟುವುದು ಎಂದಾಯಿತು. ಪಾರ್ವತಿಯ ತಮ್ಮ ನಾಗೇಶ ದಡದಲ್ಲಿ ಕಾಯುತ್ತಿದ್ದ. ಸ್ವಂತ ದೋಣಿ ಇಟ್ಟುಕೊಂಡು ಮೀನು ಹಿಡಿಯುವವನು, ಬಾಯಿ ಜೋರು. ಬಾರ್ಜಿನ ಹಲಗೆಗೂ ದಡಕ್ಕೂ ನಡುವೆ ಒಂದು ಗೇಣಿನ ಅಂತರ. ನಾಲ್ಕು ಜನ ನನ್ನನ್ನು ಕುರ್ಚಿಸಮೇತ ಎತ್ತಿದರು.

ಟಿಕೆಟ್ ಕೊಡುವವನು ನನ್ನ ಗಾಡಿ ನೋಡುತ್ತ ನಿಂತ. "ಇದಕ್ಕೆ ಎಂತ ಟಿಕೆಟ್ ಹರಿಯೂದು? ಸೈಕಲ್ಲಿಂದೋ ಮೋಟರಿಂದೋ?"

"ಸೈಕಲ್ಲಿಗೆ ಎರಡೇ ಚಕ್ರ. ಇದಕ್ಕೆ ನಾಲ್ಕದೆ, ನೋಡ್ಕೋ" ಎಂದೆ ನಾನು.

"ಹಂಗಾರೆ ಬಾವ ಕಾರಿನಲ್ಲಿ ಬಂದಾರೆ ಅಂತಾತು!" ಎಂದ ನಾಗೇಶ. ಬಾರ್ಜಿನ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಪಾರ್ವತಿ ಕಟಕಟೆ ಹಿಡಿದು ತವರಿನ ತೆಂಗುಗಳನ್ನೇ ನೋಡುತ್ತಿದ್ದಳು.

ಆ ಸಂಜೆ ಅವಳು ತಾಯಿಯ ಪಕ್ಕದಲ್ಲಿ ಕೂತು ಊಟ ಮಾಡಿದಳು. ಅದನ್ನು ನೋಡಿದ ಮೇಲೆ, ಬಂದದ್ದು ಸಾರ್ಥಕ ಎನಿಸಿತು. ಮುಂದಿನದು ಮರುದಿನ ಬೆಳಿಗ್ಗೆ ಆದದ್ದು. ನಾನು ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ಕಾಣದೆ ಇದ್ದದ್ದನ್ನು ಸೇರಿಸುವುದಿಲ್ಲ.

ಬೆಳಿಗ್ಗೆ ಹೊಳೆಯ ಮೇಲೆ ಮಂಜು ಕವಿದಿತ್ತು. ಆಚೆ ದಡ ಇರಲಿಲ್ಲ. ಬಾರ್ಜು ಬಿಡುವುದಿಲ್ಲ ಎಂದರು. ಕಾರವಾರದಲ್ಲಿ ಅದೇ ದಿನ ನನ್ನ ಡಾಕ್ಟರ ಹತ್ತಿರ ಹೋಗಬೇಕಿತ್ತು, ಓಮ್ನಿಯವನು ಮಂಜಗುಣಿಯಲ್ಲಿ ಬಂದು ನಿಲ್ಲುವವನಿದ್ದ. "ದೋಣಿಲೇ ದಾಟಿಸ್ತೆ ಬಾವ, ನೀವೆಂತ ಚಿಂತೆ ಮಾಡಬೇಡಿ" ಎಂದ ನಾಗೇಶ. ಅವನ ಜೊತೆ ದೋಣಿಗೆ ಹೋಗುವ ಗಣಪತಿ ಬಂದ. ನನಗೆ ಸೊಂಟದಲ್ಲಿ ಹಿಡಿತವಿಲ್ಲ, ಆದ್ದರಿಂದ ಬಲೆಯ ಹಗ್ಗದಿಂದ ನನ್ನನ್ನು ಕುರ್ಚಿಗೂ, ಕುರ್ಚಿಯನ್ನು ದೋಣಿಯ ಅಡ್ಡಹಲಗೆಗೂ ಕಟ್ಟಿದರು. ಕಾಯಿಲೆಯ ಮೇಲೆ ನನಗೆ ಚಳಿ ಬೇಗ ಹತ್ತುತ್ತದೆ, ಆದ್ದರಿಂದ ಪಾರ್ವತಿ ತವರಿನ ಒಂದು ಬಿಳಿ ಹಾಸುಬಟ್ಟೆಯನ್ನು ಮುಖವೊಂದನ್ನು ಬಿಟ್ಟು ತಲೆಯಿಂದ ಮೊಣಕಾಲಿನವರೆಗೆ ಹೊದಿಸಿದಳು. ದೋಣಿಯಲ್ಲಿ ಚಪ್ಪಲಿ ಹಾಕುವುದಿಲ್ಲ, ಕಾಲು ಬರಿದಾಗಿತ್ತು. ಕುರ್ಚಿಯನ್ನು ಇಳಿಸಲು ದೋಣಿಯ ಚಪ್ಪಟೆಯಾದ ಹಿಂಬದಿಯೇ ಅನುಕೂಲ, ಆದ್ದರಿಂದ ನನ್ನನ್ನು ಹಿಂಬದಿಯಲ್ಲಿ, ಹಿಂದಕ್ಕೆ ಮುಖ ಮಾಡಿ ಕೂರಿಸಿದರು. ಮಂಜಿನಲ್ಲಿ, ಹೊಳೆ ಸಮುದ್ರ ಸೇರುವ ಅಳಿವೆಯ ತೆರೆಯ ಸದ್ದು ಕೇಳಿಕೊಂಡೇ ದಿಕ್ಕು ಹಿಡಿಯಬೇಕು, ಆದ್ದರಿಂದ ಮಿಷನ್ ಎತ್ತಿಟ್ಟು ಹುಟ್ಟು ಹಾಕಿದರು. ಯಾರೂ ಮಾತಾಡಲಿಲ್ಲ.

ಒಂದೊಂದಕ್ಕೂ ಕಾರಣವಿತ್ತು. ಎಲ್ಲ ಸೇರಿದರೆ ಏನಾಗಿ ಕಾಣುತ್ತದೆ ಎಂದು ದೋಣಿಯಲ್ಲಿದ್ದ ನಮಗೆ ಯಾರಿಗೂ ಹೊಳೆಯಲಿಲ್ಲ.

ದಡ ಹತ್ತಿರವಾಯಿತು ಎಂದಾಗ ನಾಗೇಶ ದೋಣಿ ತಿರುಗಿಸಿದ. ಈಗ ಹಿಂಬದಿ ಮುಂದಾಯಿತು. ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನೆತನಗಳಲ್ಲಿ ದೋಣಿ ಯಾವಾಗಲೂ ಮೂತಿ ಮುಂದಾಗಿ ದಡಕ್ಕೆ ಬರುತ್ತದೆ. ಹಿಂಬದಿ ಮುಂದಾಗಿ ಬಂದರೆ, ಸಮುದ್ರ ತಿರುಗಿ ಕೊಟ್ಟ ಮನುಷ್ಯ ಅದರಲ್ಲಿದ್ದಾನೆ ಎಂದು ಲೆಕ್ಕ. ಅಂಥವನನ್ನು ಕಂಡ ಕೂಡಲೇ ಅಳುವಂತಿಲ್ಲ, ಹೆಸರು ಹಿಡಿದು ಕರೆಯುವಂತಿಲ್ಲ. ಅವನು ಹತ್ತಿದ ದಡದ ಬಾವಿಯ ಸಿಹಿನೀರಿನಿಂದ ಮೊದಲು ಅವನ ಕಾಲಿನ ಉಪ್ಪು ತೊಳೆಯಬೇಕು. ಆಮೇಲೆ ಅಳು. ನಾಗೇಶನಿಗೆ ಇದು ಗೊತ್ತಿಲ್ಲದ್ದಲ್ಲ. ತಿರುಗಿಸುವಾಗ ಗಣಪತಿ ಅವನನ್ನು ಎಚ್ಚರಿಸಿದ್ದು ನನಗೆ ಕೇಳಿತು: "ಹಿಂಗೆ ಹೋಗೂದೇನೋ?" ನಾಗೇಶ ಮೆಲ್ಲಗೆ ಅಂದ: "ಈ ಮಂಜಿನಲ್ಲಿ ಯಾವನು ನೋಡ್ತ, ಸುಮ್ನೆ ಹಾಕು."

ಹಿಂದಿನ ಸಂಜೆ, ಕತ್ತಲಾಗುವ ಹೊತ್ತಿಗೆ, ಅಳಿವೆಯ ಬಾಯಲ್ಲಿ ಬಲೆ ಎಳೆಯುವಾಗ ಮಂಜಗುಣಿಯ ಕಡೆಯ ಒಬ್ಬ ನೀರಿಗೆ ಬಿದ್ದು ಕಾಣೆಯಾಗಿದ್ದ. ಸುರೇಶ ಎಂದು ಹೆಸರು. ಆ ಸುದ್ದಿ ಇನ್ನೂ ಹೊಳೆ ದಾಟಿರಲಿಲ್ಲ.

ದಡದ ಕಡೆಗೆ ಮುಖವಿದ್ದದ್ದು ನನಗೊಬ್ಬನಿಗೆ. ಪಾರ್ವತಿ ನನ್ನ ಬೆನ್ನ ಹಿಂದೆ ಕುರ್ಚಿ ಹಿಡಿದು ಕೂತಿದ್ದಳು. ಅವಳಿಗೂ, ಹುಟ್ಟು ಹಾಕುವವರಿಗೂ ಮುಂದೆ ಕಾಣುತ್ತಿದ್ದದ್ದು ನನ್ನ ಮೇಲಿನ ಬಿಳಿ ಬಟ್ಟೆ. ಮಂಜು ತೆಳುವಾದಲ್ಲಿ ಮೊದಲು ನನಗೆ ಕಂಡದ್ದು ಕಾಲುಗಳು. ನೀರಿನಂಚಿಗೆ, ಸಾಲಾಗಿ, ಬಹಳ ಕಾಲುಗಳು. ಆಮೇಲೆ ಸೀರೆಗಳು, ಲುಂಗಿಗಳು. ಆಮೇಲೆ ಮುಖಗಳು. ಇಪ್ಪತ್ತು ಜನರಿಗೆ ಕಡಿಮೆ ಇರಲಿಲ್ಲ. ದೋಣಿ ಬಂದರೆ ಯಾರಾದರೂ ಹಗ್ಗ ಹಿಡಿಯಲು ನೀರಿಗಿಳಿಯುತ್ತಾರೆ, ಎಲ್ಲಿಂದ, ಎಂತ ಸಿಕ್ಕಿತು ಎಂದು ಕೇಳುತ್ತಾರೆ. ಇವರು ಯಾರೂ ಅಲುಗಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆದರೆ ಬದುಕಿರುವವನನ್ನು ನೋಡುವ ನೋಟ ಬೇರೆ. ಅದರಲ್ಲಿ ತಿರುಗಿ ನೋಡಿಯಾನು ಎಂಬ ಅಳುಕು ಇರುತ್ತದೆ. ಇವರ ಕಣ್ಣಿನಲ್ಲಿ ಅದಿರಲಿಲ್ಲ.

ಒಬ್ಬ ಮುದುಕಿ ಸಾಲಿನಿಂದ ಹೊರಬಂದಳು. ಕೈಯಲ್ಲಿ ತಾಮ್ರದ ತಂಬಿಗೆ.

ತಂಬಿಗೆ ಕಂಡಾಗ ನನಗೆ ತಿಳಿಯಿತು.

ನಾನಲ್ಲ ಎಂದು ಹೇಳಬೇಕಿತ್ತು. ನಾಲಿಗೆ ಹೊರಳಲಿಲ್ಲ. ಭಯದಿಂದಲೇ ಎಂದು ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ. ಸರಿಯಾಗಿ ಹೇಳಬೇಕೆಂದರೆ ಅದು ಅನುಮಾನ. ಸೊಂಟದ ಕೆಳಗೆ ನಾನು ಇಲ್ಲವಾಗಿ ವರ್ಷ ದಾಟಿತ್ತು. ಉಳಿದ ಅರ್ಧವೂ ಈ ಮಂಜಿನಲ್ಲಿ ಎಲ್ಲೋ ಹೋಗಿ, ಅದರ ಸುದ್ದಿ ನನಗಿಂತ ಮೊದಲು ಇವರಿಗೆ ಮುಟ್ಟಿತೇ ಎಂದು ಒಂದು ಕ್ಷಣ ನಿಜವಾಗಿಯೂ ಅನಿಸಿತು. ಬೆನ್ನ ಹಿಂದೆ ಹುಟ್ಟಿನ ಸದ್ದು ನಿಂತಿತ್ತು. ಪಾರ್ವತಿಯ ಉಸಿರೂ ಕೇಳುತ್ತಿರಲಿಲ್ಲ.

ಮುದುಕಿ ಮೊಣಕಾಲು ನೀರಿಗೆ ಬಂದು ದೋಣಿಯ ಅಂಚು ಹಿಡಿದಳು. ನನ್ನ ಮುಖ ನೋಡಲಿಲ್ಲ. ಕಾಲು ತೊಳೆಯುವ ಮೊದಲು ಮುಖ ನೋಡಬಾರದು. ತಲೆ ಬಗ್ಗಿಸಿದಳು. ಅವಳ ನೆತ್ತಿಯ ಬಿಳಿ ಕೂದಲಿನ ಮೇಲೆ ಮಂಜು ಹನಿಯಾಗಿ ಕೂತಿತ್ತು. ನಾನು ಆ ಹನಿಗಳನ್ನು ನೋಡುತ್ತಿದ್ದೆ. ಅವಳ ಕೈಯನ್ನು ನೋಡುತ್ತಿರಲಿಲ್ಲ, ನೋಡಿದರೂ ಬಟ್ಟೆಯ ಅಂಚು ಅಡ್ಡವಿತ್ತು. ಇದನ್ನು ಒತ್ತಿ ಬರೆಯುತ್ತೇನೆ, ಯಾಕೆಂದರೆ ಆಮೇಲೆ ಎಲ್ಲರೂ ಕೇಳಿದ್ದು ಇದನ್ನೇ.

ತಂಪಾಯಿತು.

ಎಲ್ಲಿ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಕೈಯಲ್ಲ. ಕುತ್ತಿಗೆಯಲ್ಲ. ಬಹಳ ದೂರದಲ್ಲಿ, ಕೆಳಗೆ, ಬಲಗಾಲಿನ ಹೊರ ಅಂಚಿನಲ್ಲಿ, ಒಂದು ಬೆರಳಗಲದ ಜಾಗದಲ್ಲಿ ತಂಪು ಹರಿಯುತ್ತಿತ್ತು.

"ಆಯಿ, ನೀರು ತಂಪದೆ" ಎಂದೆ.

ದಡದಲ್ಲಿ ಒಬ್ಬಳು ಕಿರುಚಿದಳು. ಸಾಲು ಒಡೆಯಿತು. ಗಂಡಸರೂ ಹಿಂದೆ ಸರಿದರು, ಒಬ್ಬ ಮರಳಿನಲ್ಲಿ ಕೂತುಬಿಟ್ಟ. "ಹೋಯ್, ನಾವು, ನಾವು! ಗಂಗಾವಳಿಯವ್ರು! ಇಂವ ನನ್ನ ಬಾವ!" ಎಂದು ನಾಗೇಶ ಕೂಗುತ್ತಿದ್ದ. ಪಾರ್ವತಿ ಹಿಂದಿನಿಂದ ನನ್ನ ತಲೆಯ ಮೇಲಿನ ಬಟ್ಟೆ ಎಳೆದಳು.

ಓಡದೆ ಉಳಿದದ್ದು ಮುದುಕಿ ಒಬ್ಬಳೇ. ತಲೆಯೆತ್ತಿ ನನ್ನ ಮುಖ ನೋಡಿದಳು. ಅದು ತನ್ನ ಮಗನದಲ್ಲ ಎಂದು ಅವಳಿಗೆ ತಿಳಿಯುವುದನ್ನು ನಾನು ಒಂದು ಮೊಳ ದೂರದಿಂದ ಕಂಡೆ. ಅದನ್ನು ಬರೆಯಲು ನನಗೆ ಬರುವುದಿಲ್ಲ.

"ನೀ ಯಾರ ಮಗ, ತಮಾ?"

ಅಪ್ಪನ ಹೆಸರು ಹೇಳಿದೆ. ಹಾರವಾಡ ಎಂದೆ.

"ಕಾಲಿಗೆ ಎಂತ ಆಗದೆ?"

"ಜೀವ ಇಲ್ಲ ಆಯಿ."

ಅವಳು ತಂಬಿಗೆಯೊಳಗೆ ನೋಡಿದಳು. ಅರ್ಧ ನೀರು ಉಳಿದಿತ್ತು. "ಒಂದು ಕಾಲಿಗೆ ಹಾಕಿ ಬಿಡೂಕೆ ಆಗೂದಿಲ್ಲ" ಎಂದಳು. ಉಳಿದದ್ದನ್ನು ನನ್ನ ಎಡಗಾಲಿಗೆ ಹೊಯ್ದಳು. ಈ ಸಲ ನಾನು ಬಟ್ಟೆ ಸರಿಸಿ ಕಣ್ಣಿಟ್ಟು ನೋಡಿದೆ. ನೀರು ಬೆರಳುಗಳ ಮೇಲೆ ಬಿದ್ದು ಹರಿಯಿತು.

ಎಡಗಾಲಿನಲ್ಲಿ ಏನೂ ಆಗಲಿಲ್ಲ.

ಓಮ್ನಿಯಲ್ಲಿ ಪಾರ್ವತಿ ನನ್ನ ಪಕ್ಕದಲ್ಲೇ ಕೂತಳು. ಬೇಲೆಕೇರಿ ದಾಟುವಾಗ ನನ್ನ ಬಲಗಾಲಿನ ಮೇಲೆ ಕೈ ಇಟ್ಟಳು. "ಗೊತ್ತಾಗ್ತದಾ?" "ಸ್ವಲ್ಪ ಆಚೆ. ಹಾಂ, ಅಲ್ಲಿ." ಅವಳು ಕೈ ತೆಗೆದುಬಿಟ್ಟಳು. ಸಂತೋಷಪಡಲು ಇಬ್ಬರಿಗೂ ಹೆದರಿಕೆಯಾಯಿತು. ಅದು ನನಗೆಂದು ತಂದ ನೀರಲ್ಲ.

ಕಾರವಾರದಲ್ಲಿ ಡಾಕ್ಟರು ನನಗೆ ಕಣ್ಣು ಮುಚ್ಚಲು ಹೇಳಿ ಹತ್ತಿ, ಪಿನ್ನು, ತಣ್ಣಗಿನ ಟ್ಯೂನಿಂಗ್ ಫೋರ್ಕ್ ಎಲ್ಲ ಮುಟ್ಟಿಸಿದರು. ಬಲಗಾಲಿನ ಆ ಜಾಗದಲ್ಲಿ ಸೆನ್ಸೇಶನ್ ಇದೆ ಎಂದರು. "ಪ್ಯಾಚಿ ರಿಕವರಿ, ಅಲ್ಲಲ್ಲಿ ಮಾತ್ರ ಬರುತ್ತದೆ. ಇಷ್ಟು ತಡವಾಗಿ ಬರುವುದು ಅಪರೂಪ, ಬರುವುದೇ ಇಲ್ಲ ಅಂತಲ್ಲ. ಮೊದಲೇ ಬಂದಿರಬಹುದು, ನೀವು ಗಮನಿಸಿರಲಿಕ್ಕಿಲ್ಲ."

"ದಿನಾ ಕಾಲು ತೊಳೆಯೂದು ನಾನು ಡಾಕ್ಟ್ರೆ" ಎಂದಳು ಪಾರ್ವತಿ. "ಒಂದಿನವೂ ಹೇಳಲಿಲ್ಲ ಇವರು."

"ಬಿಸಿನೀರಲ್ಲಿ ತೊಳೆದಿರುತ್ತೀರಿ. ತಂಪು ಬೇರೆ ದಾರಿಯಲ್ಲಿ ಹೋಗುತ್ತದೆ."

ನಾನು ಇದನ್ನು ನಂಬುತ್ತೇನೆ. ಬಿಸಿಯೂ ತಂಪೂ ಒಂದೇ ದಾರಿಯಲ್ಲಿ ಹೋಗುತ್ತವೆ ಎಂದು ಇನ್ನೊಬ್ಬ ಡಾಕ್ಟರು ಆಮೇಲೆ ಹೇಳಿದರು. ಅದನ್ನೂ ನಂಬುತ್ತೇನೆ.

ಮೂರನೆಯ ದಿನ ಬೆಳಿಗ್ಗೆ ನಮ್ಮ ನೆರೆಮನೆಯ ಬುದವಂತ ಅಂಗಳಕ್ಕೆ ಬಂದ. ರಂಪಣಿ ಬಲೆ ಎಳೆಯಲು ಹೋದವನು, ಮೈಯೆಲ್ಲ ಮರಳು. ನಾನು ಜಗಲಿಯಲ್ಲಿದ್ದೆ. ಅವನು ನನ್ನತ್ತ ನೋಡದೆ ಪಾರ್ವತಿಗೆ ಹೇಳಿದ: "ಅತ್ಗೆ, ನಮ್ಮ ದಡಕ್ಕೆ ಒಬ್ಬ ಬಂದಾನೆ. ಪೊಲೀಸರು ಬರೂವರೆಗೆ ಮುಟ್ಟಬೇಡಿ ಅಂದಾರೆ."

"ಯಾರು?"

"ಹೆಸರು ಹೇಳೂಕಾಗ್ತದಾ? ಇನ್ನೂ ಕಾಲಿಗೆ ನೀರು ಹಾಕಲಿಲ್ಲ."

ಅಳಿವೆಯ ಬಾಯಲ್ಲಿ ಕಾಣೆಯಾದವನು ಎಲ್ಲಿ ಬೇಕಾದರೂ ಹತ್ತಬಹುದಿತ್ತು. ನಡುವೆ ಎಷ್ಟೋ ದಡಗಳಿವೆ. ಅವನು ಬಂದದ್ದು ನಮ್ಮ ಓಣಿಯ ಕೊನೆಗೆ. ನಾನು ಅವನ ಊರಿನ ದಡಕ್ಕೆ ಅವನಂತೆ ಹೋಗಿದ್ದೆ. ಅವನು ನನ್ನ ಊರಿನ ದಡಕ್ಕೆ ಬಂದ.

"ನನ್ನ ಒಯ್ಯಿ" ಎಂದೆ.

"ಮರಳದೆ, ಅಣ್ಣಾ. ಗಾಡಿ ಹೋಗೂದಿಲ್ಲ."

"ಹೋಗದಿದ್ರೆ ಹೊತ್ಕೋ."

ಪಾರ್ವತಿ ನನ್ನ ಮುಖ ನೋಡಿದಳು. ಆಮೇಲೆ ಬಾವಿಗೆ ಕೊಡ ಇಳಿಸಿದಳು.

ಕುರ್ಚಿಯ ಕೆಳಗೆ ಎರಡು ಹುಟ್ಟುಗಳನ್ನು ಅಡ್ಡ ಹಾಕಿ ನಾಲ್ಕು ಜನ ಎತ್ತಿದರು. ತಿರುಗಿಸಿ ಹಿಡಿಯಲು ಹೊರಟಾಗ, ಮುಂದಕ್ಕೆ ಮುಖ ಮಾಡಿ ಒಯ್ಯಿ ಎಂದೆ. ಬಾವಿನೀರು ತುಂಬಿದ ತಂಬಿಗೆ ನನ್ನ ತೊಡೆಯ ಮೇಲಿತ್ತು. ಅದು ತುಂಬ ತಂಪಾಗಿರಬೇಕು, ತೊಡೆಗೆ ತಿಳಿಯಲಿಲ್ಲ. ಹದಿನೈದು ತಿಂಗಳ ಮೇಲೆ ನಾನು ನಮ್ಮ ದಡಕ್ಕೆ ಇಳಿದದ್ದು ಹೀಗೆ.

ಅವನನ್ನು ಬಲೆಯ ತುಂಡಿನ ಮೇಲೆ ಮಲಗಿಸಿ ಮೇಲೆ ತಾಡಪತ್ರೆ ಹೊದಿಸಿದ್ದರು. ಕಾಲು ಮಾತ್ರ ಹೊರಗಿತ್ತು. ನನಗಿಂತ ಚಿಕ್ಕವನ ಕಾಲು. ಕುರ್ಚಿಯನ್ನು ಪಕ್ಕದಲ್ಲಿ ಇಳಿಸಿದರು, ಚಕ್ರಗಳು ಮರಳಿನಲ್ಲಿ ಹೂತು ಗಟ್ಟಿಯಾಗಿ ನಿಂತವು. ಬಗ್ಗಲು ಆಗುವುದಿಲ್ಲ, ಪಾರ್ವತಿ ನನ್ನ ಭುಜ ಹಿಡಿದುಕೊಂಡಳು. ಕೂತಲ್ಲಿಂದಲೇ, ಮುಟ್ಟದೆ, ಮೊದಲು ಬಲಗಾಲಿಗೆ ಹೊಯ್ದೆ. ಉಳಿದದ್ದನ್ನು ಎಡಗಾಲಿಗೆ.

ನೀರು ಹರಿದುಹೋಗುವವರೆಗೆ ಎಲ್ಲರೂ ಕಾದರು. ಆಮೇಲೆ ಬುದವಂತ ಅವನ ಹೆಸರು ಹೇಳಿದ.

ಮುದುಕಿ ಬರುವ ಹೊತ್ತಿಗೆ ಬಿಸಿಲೇರಿತ್ತು. ತುಳಸಿ ಎಂದು ಅವಳ ಹೆಸರು, ಅದು ನನಗೆ ಗೊತ್ತಾದದ್ದು ಅವತ್ತು. ಟೆಂಪೊದಿಂದ ಇಳಿದವಳ ಕೈಯಲ್ಲಿ ಅದೇ ತಾಮ್ರದ ತಂಬಿಗೆ. ಯಾವುದೋ ಮನೆಯ ಬಾವಿಯಲ್ಲಿ ತುಂಬಿಸಿಕೊಂಡು ಬಂದಿದ್ದಳು. ಮಗನ ಹತ್ತಿರ ಬಂದು, ಮುಖದ ಕಡೆ ನೋಡದೆ ಕಾಲಿನ ಕಡೆ ಬಗ್ಗಿದಳು. ಕಾಲಿನ ಕೆಳಗೆ ಮರಳು ಇನ್ನೂ ಒದ್ದೆಯಿತ್ತು.

"ಯಾರು ಹಾಕಿದ್ದು?"

ಯಾರೋ ನನ್ನತ್ತ ಕೈ ತೋರಿಸಿದರು. ಅವಳು ನನ್ನನ್ನು ಗುರುತು ಹಿಡಿದಳು.

"ಎರಡೂ ಕಾಲಿಗೆ ಹಾಕಿದ್ಯಾ?"

"ಎರಡಕ್ಕೂ, ಆಯಿ."

"ಹಂಗಾರೆ ಆತು" ಎಂದಳು. ತಂಬಿಗೆಯನ್ನು ಮರಳಿನ ಮೇಲೆ ಇಟ್ಟಳು. ಆಮೇಲೆ ಅತ್ತಳು.

ಇದನ್ನು ಬರೆಯುತ್ತಿರುವಾಗ 2009ರ ಮಳೆಗಾಲ ಮುಗಿಯುತ್ತಿದೆ. ನಾನು ಎದ್ದಿಲ್ಲ. ಏಳುವುದಿಲ್ಲ ಎಂದು ಈಗ ಡಾಕ್ಟರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಬಲಗಾಲಿನ ಆ ಬೆರಳಗಲದ ಜಾಗ ಹಾಗೆಯೇ ಇದೆ, ಬೆಳೆದಿಲ್ಲ, ಹೋಗಿಲ್ಲ. ಚಳಿಗಾಲದ ಬೆಳಗ್ಗೆ ಅದು ನನಗಿಂತ ಮೊದಲು ಏಳುತ್ತದೆ. ಓಣಿಯ ಕೊನೆಯಲ್ಲಿ ಬುದವಂತ ಹಳೆಯ ದೋಣಿಯ ಹಲಗೆಗಳನ್ನು ಮರಳಿನ ಮೇಲೆ ಹಾಸಿದ್ದಾನೆ, ಕುರ್ಚಿ ನೀರಿನಂಚಿನವರೆಗೆ ಹೋಗುತ್ತದೆ. ದೊಡ್ಡ ಉಬ್ಬರಕ್ಕೆ ಹಲಗೆ ತೇಲಿಹೋಗುತ್ತವೆ, ಮತ್ತೆ ಹಾಸುತ್ತಾನೆ. ಪಾರ್ವತಿ ವರ್ಷಕ್ಕೆ ಎರಡು ಸಲ ತವರಿಗೆ ಹೋಗುತ್ತಾಳೆ, ನನ್ನನ್ನು ಕರೆದುಕೊಂಡೇ. ಬಾರ್ಜಿನಲ್ಲಿ ಮಾತ್ರ. ಮಂಜಿದ್ದರೆ ಅದು ಬಿಡುವವರೆಗೆ ಕಾಯುತ್ತೇವೆ.

ಆ ಬೆಳಗ್ಗೆ ಹೊಳೆಯಲ್ಲಿ ಆದದ್ದನ್ನು ನೋಡಿದವರಲ್ಲಿ ಗಣಪತಿ ಈಗ ಇಲ್ಲ, ಕಳೆದ ವರ್ಷ ಜ್ವರ ಬಂದು ಹೋದ. ನಾಗೇಶ ಇದ್ದಾನೆ. ಕೇಳಿದರೆ ನಗುತ್ತಾನೆ, ಆದರೆ ದೋಣಿಯ ಹಿಂಬದಿಯಲ್ಲಿ ಯಾರನ್ನೂ ಕೂರಿಸುವುದಿಲ್ಲ. ಪಾರ್ವತಿ ಇದ್ದಾಳೆ. ತುಳಸಿ ಆಯಿ ಇದ್ದಾಳೆ, ಮಂಜಗುಣಿಯ ದಡದಲ್ಲಿ ಮೀನು ಒಣಗಿಸುತ್ತ ಕೂತಿರುತ್ತಾಳೆ. ನಮ್ಮ ಓಮ್ನಿ ಬಂದರೆ ಎದ್ದು ಬರುತ್ತಾಳೆ. ಮೊದಲು ನನ್ನ ಕಾಲು ನೋಡುತ್ತಾಳೆ, ಆಮೇಲೆ ಮುಖ.